ವಿನ್ಸ್ಲೋ ಹೋಮರ್ ಚಿತ್ರಕ್ಕೆ ಫ್ರೇಮ್ ಹಾಕಿಸುವುದು ಹೇಗೆ: ಫೈಲ್‌ನಿಂದ ಗೋಡೆಯವರೆಗೆ

ಅಮೆರಿಕದ ಚಿತ್ರಕಾರ ವಿನ್ಸ್ಲೋ ಹೋಮರ್‌ನ ಚಿತ್ರವೊಂದನ್ನು ಪ್ರಿಂಟ್ ಮಾಡಿಸಿ ಕಟ್ಟು ಹಾಕಿಸಿದವರ ದೂರುಗಳು ಹೆಚ್ಚೂಕಮ್ಮಿ ಒಂದೇ ಥರ ಇರುತ್ತವೆ. ಸಮುದ್ರ ಕಪ್ಪಾಗಿ ಬಂತು. ಚಿತ್ರದ ಎರಡೂ ಬದಿ ಕತ್ತರಿಸಿ ಹೋಯ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಗದ ಅಲೆಅಲೆಯಾಗಿ ಎದ್ದಿತು. ದುಡ್ಡು ಕಡಿಮೆ ಹಾಕಿದ್ದಕ್ಕೇ ಹೀಗಾಯ್ತು ಅಂದುಕೊಳ್ಳುತ್ತಾರೆ. ಆದರೆ ಸಾಮಾನ್ಯವಾಗಿ ತಪ್ಪಿರುವುದು ಕೆಲಸದ ಕ್ರಮ. ಚೆಂದ ಕಂಡ ಫ್ರೇಮನ್ನು ಮೊದಲು ಕೊಂಡು, ಅದರ ಅಳತೆಗೆ ಪ್ರಿಂಟ್ ಹಾಕಿಸಿ, ಕೊನೆಗೆ ಗೋಡೆ ಹುಡುಕುತ್ತಾರೆ. ಇದನ್ನು ಪೂರ್ತಿ ಉಲ್ಟಾ ಮಾಡಬೇಕು. ಮೊದಲು ಗೋಡೆ, ಆಮೇಲೆ ಫೈಲ್, ಆಮೇಲೆ ಪ್ರಿಂಟ್. ಫ್ರೇಮ್‌ಗೆ ದುಡ್ಡು ಕೊಡುವುದು ಪ್ರಿಂಟ್ ಕೈಗೆ ಬಂದ ಮೇಲೆ.

ಲೆಕ್ಕ ಅರ್ಥವಾಗಲಿ ಅಂತ ಕೊನೆಯವರೆಗೂ ಒಂದೇ ಚಿತ್ರ ಇಟ್ಟುಕೊಳ್ಳುತ್ತೇನೆ: 'ದಿ ಗಲ್ಫ್ ಸ್ಟ್ರೀಮ್', 1899. ಮೂಲ ಇರುವುದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ. ಅಳತೆ 71.4 × 124.8 ಸೆಂಟಿಮೀಟರ್. ಬೇರೆ ಚಿತ್ರ ಇಷ್ಟವಾದರೆ ಅಂಕಿ ಬದಲಿಸಿಕೊಳ್ಳಿ, ಹಂತಗಳು ಅವೇ.

"ಹೋಮರ್ ಯಾಕೆ, ಎಡ್ವರ್ಡ್ ಹಾಪರ್ ಯಾಕಲ್ಲ" ಎನ್ನುವವರಿಗೆ ಒಂದು ಮಾತು. ಹೋಮರ್ ತೀರಿಕೊಂಡದ್ದು 1910ರಲ್ಲಿ. ಅವರ ಚಿತ್ರಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಹಾಪರ್ ಕೂಡ ಅಮೆರಿಕದ ಚಿತ್ರಕಾರರೇ, ಆದರೆ ತೀರಿಕೊಂಡದ್ದು 1967ರಲ್ಲಿ. ನಮ್ಮ ದೇಶದ ಕಾಪಿರೈಟ್ ಕಾನೂನು ಕಲಾವಿದ ಸತ್ತ ಮೇಲೂ 60 ವರ್ಷ ನಡೆಯುತ್ತದೆ, ಅಂದರೆ 2027 ಮುಗಿಯುವವರೆಗೆ. ಹಾಗಾಗಿ ಹಾಪರ್‌ನ 'ನೈಟ್‌ಹಾಕ್ಸ್' ಚಿತ್ರ ಬೇಕು ಅನ್ನುವವರು ಪರವಾನಗಿ ಇರುವ ಸಿದ್ಧ ಪ್ರಿಂಟ್ ಕೊಂಡು, ಇಲ್ಲಿನ 6ನೇ ಹಂತದಿಂದ ಶುರು ಮಾಡಿ.

ಬೇಕಾಗುವ ಸಾಮಾನು

ಸ್ಟೀಲ್ ಟೇಪ್, ಲೋಹದ ಸ್ಕೇಲ್, ಪೆನ್ಸಿಲ್, ಹೊಸ ಬ್ಲೇಡ್ ಹಾಕಿದ ಕಟರ್, ತೆಳು ಹತ್ತಿ ಕೈಗವಸು, ಮೆತ್ತನೆಯ ಬ್ರಷ್, ಕನ್ನಡಕ ಒರೆಸುವಂಥ ಬಟ್ಟೆ, ಸ್ಪಿರಿಟ್ ಲೆವೆಲ್. ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ದಪ್ಪ ರಟ್ಟು) ಎರಡು ಹಾಳೆ: ಒಂದು ಪ್ರಿಂಟ್‌ನ ಹಿಂದಕ್ಕೆ, ಇನ್ನೊಂದು ನಡುವೆ ಕಿಟಕಿಯಂತೆ ಕತ್ತರಿಸಿ ಪ್ರಿಂಟ್‌ನ ಮೇಲೆ ಹೊದಿಸಲು. ಈ ಕಿಟಕಿಯ ಹಾಳೆಯೇ ಮೌಂಟ್. ಆಸಿಡ್ ಇಲ್ಲದ ಕಾಗದದ ಟೇಪ್. ಮೌಂಟ್ ಕತ್ತರಿಸುವುದನ್ನು, ಫ್ರೇಮ್ ಜೋಡಿಸುವುದನ್ನು ಅಂಗಡಿಗೇ ಬಿಡಬಹುದು. ಅಳತೆ ಬರೆದುಕೊಡುವ ಕೆಲಸ ಮಾತ್ರ ನಿಮ್ಮದೇ.

1. ಮೊದಲು ಗೋಡೆ

ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ ಫ್ರೇಮ್‌ನ ಅಂದಾಜು ಅಳತೆಗೆ ಕತ್ತರಿಸಿ. ಗೋಡೆಗೆ ಹಚ್ಚಿ ನಾಲ್ಕು ದಿನ ಬಿಡಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ನೇರ ಬಿಸಿಲು ಬೀಳುತ್ತದೆಯೇ? ಬಿದ್ದರೆ ಆ ಜಾಗ ಬೇಡ. ಪಶ್ಚಿಮದ ಕಿಟಕಿಯ ಎದುರು ಗೋಡೆ ಎಷ್ಟೇ ಖಾಲಿ ಕಂಡರೂ ಬಿಟ್ಟುಬಿಡಿ.

ಮಲೆನಾಡು, ಕರಾವಳಿಯವರು ಮಳೆ ಹೊಡೆಯುವ ಹೊರಗೋಡೆಯ ಒಳಬದಿಗೂ ಹಾಕಬಾರದು. ಅಂಗೈ ಇಟ್ಟಾಗ ತಣ್ಣಗೆ, ಜಿಗುಟು ಅನಿಸಿದರೆ ಅದು ಪ್ರಿಂಟ್‌ಗೆ ಆಗದ ಗೋಡೆ. ಅಡುಗೆಮನೆಯ ಎಣ್ಣೆ ಹೊಗೆ, ಬಚ್ಚಲಮನೆಯ ಹಬೆ ಎರಡೂ ಶತ್ರುಗಳೇ.

2. ಫೈಲ್ ತರುವುದು

ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ಮೊದಲ ಚಿತ್ರವನ್ನು ಉಳಿಸಿಕೊಳ್ಳುವುದೇ ದೊಡ್ಡ ತಪ್ಪು. ಒಂದೇ ಚಿತ್ರ ಅಲ್ಲಿ ಹಳದಿ, ನೀಲಿ, ಕಂದು ಎಲ್ಲ ಛಾಯೆಯಲ್ಲೂ ಸಿಗುತ್ತದೆ. ಯಾವುದು ನಿಜ ಅಂತ ತಿಳಿಯುವುದಿಲ್ಲ.

ಚಿತ್ರ ಯಾವ ಮ್ಯೂಸಿಯಂನಲ್ಲಿದೆಯೋ ಅಲ್ಲಿಂದಲೇ ತನ್ನಿ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಹಕ್ಕು ಮುಗಿದ ಚಿತ್ರಗಳ ಫೈಲ್‌ಗಳನ್ನು ಉಚಿತವಾಗಿ ಕೊಡುತ್ತಿದೆ. ಯಾವ ಬಳಕೆಗೂ ಅನುಮತಿ ಕೇಳಬೇಕಿಲ್ಲ. ಅವರ ಜಾಲತಾಣದಲ್ಲಿ 06.1234 ಎಂಬ ದಾಖಲೆ ಸಂಖ್ಯೆ ಹಾಕಿದರೆ 'ಗಲ್ಫ್ ಸ್ಟ್ರೀಮ್' ಸಿಗುತ್ತದೆ. ಹೋಮರ್‌ನ ಇನ್ನೊಂದು ಜನಪ್ರಿಯ ಚಿತ್ರ 'ಬ್ರೀಜಿಂಗ್ ಅಪ್' ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. 'ದಿ ಹೆರಿಂಗ್ ನೆಟ್' ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಇವೆರಡೂ ಉಚಿತವಾಗಿ ಫೈಲ್ ಕೊಡುತ್ತವೆ.

ಡೌನ್‌ಲೋಡ್ ಬಟನ್ ಒತ್ತಿಯೇ ತೆಗೆದುಕೊಳ್ಳಿ. ಪರದೆಯ ಸ್ಕ್ರೀನ್‌ಶಾಟ್ ಬೇಡ. ಪ್ರಿಂಟ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಲೂ ಬೇಡಿ, ಅದು ಫೈಲನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಪೆನ್‌ಡ್ರೈವ್ ಅಥವಾ ಇಮೇಲ್ ಒಳ್ಳೆಯದು.

3. ಅಳತೆಯ ಲೆಕ್ಕ: ಇಲ್ಲಿಯೇ ಹೆಚ್ಚಿನವರು ಸೋಲುತ್ತಾರೆ

ರೆಡಿಮೇಡ್ ಫ್ರೇಮ್‌ಗಳು 8×10, 12×18, 16×20 ಇಂಚಿನವು. ಫೋಟೋಗಳಿಗೆ ಅಂತ ಮಾಡಿದ ಅಳತೆ. ಹೋಮರ್‌ನ ಎಷ್ಟೋ ಸಮುದ್ರದ ಚಿತ್ರಗಳು ಎತ್ತರಕ್ಕೆ ಹೋಲಿಸಿದರೆ ಇವಕ್ಕಿಂತ ಉದ್ದ.

'ಗಲ್ಫ್ ಸ್ಟ್ರೀಮ್'ನ ಉದ್ದವನ್ನು ಎತ್ತರದಿಂದ ಭಾಗಿಸಿದರೆ 1.75 ಹತ್ತಿರ ಬರುತ್ತದೆ. ಅಂದರೆ 16 ಇಂಚು ಎತ್ತರಕ್ಕೆ ಮಾಡಿಸಿದರೆ ಉದ್ದ 28 ಇಂಚು ಬೇಕು. ಅಂಗಡಿಯವರು 16×20 ಫ್ರೇಮ್‌ಗೆ ಅದನ್ನು ತುಂಬಿಸಿದರೆ 8 ಇಂಚು ಹೊರಗೆ ಹೋಯ್ತು. ಕಾಲು ಭಾಗಕ್ಕಿಂತ ಜಾಸ್ತಿ!

ಹೋದದ್ದು ಬರೀ ನೀರು ಅಲ್ಲ. ಚಿತ್ರ ನೋಡಿ: ನಡುವೆ ಮುರಿದ ಪಟಮರದ ದೋಣಿ. ಅದರ ಮೇಲೆ ಒಬ್ಬ ಕಪ್ಪು ಮನುಷ್ಯ ಒರಗಿ ಮಲಗಿದ್ದಾನೆ, ಪಕ್ಕದಲ್ಲಿ ಒಂದಷ್ಟು ಕಬ್ಬಿನ ಜಲ್ಲೆ. ಮುಂದೆ ಶಾರ್ಕ್‌ಗಳು. ಇವಿಷ್ಟು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಬಲಗಡೆ ದೂರದಲ್ಲಿ ನೀರಿನ ಸುಂಟರಗಾಳಿ ಎದ್ದಿದೆ. ಎಡಗಡೆ ದಿಗಂತದಲ್ಲಿ, ಮಸುಕಾಗಿ, ಒಂದು ಹಡಗಿದೆ. ಆ ಮನುಷ್ಯ ಬದುಕುತ್ತಾನೋ ಇಲ್ಲವೋ ಎನ್ನುವ ಪ್ರಶ್ನೆ ಇರುವುದೇ ಈ ಎರಡು ಬದಿಗಳಲ್ಲಿ. ಕತ್ತರಿ ಮೊದಲು ತಾಗುವುದೂ ಅಲ್ಲಿಗೇ.

ಹಾಗಾಗಿ ನಿಯಮ ಸರಳ: ಚಿತ್ರವನ್ನು ಎಂದೂ ಕತ್ತರಿಸಬೇಡಿ, ಎಳೆದು ಹಿಗ್ಗಿಸಲೂ ಬೇಡಿ. ಎತ್ತರ ನಿಗದಿ ಮಾಡಿಕೊಂಡು ಉದ್ದವನ್ನು ಲೆಕ್ಕ ಹಾಕಿ. ನಮ್ಮ ಉದಾಹರಣೆಗೆ 12 ಇಂಚು ಎತ್ತರ, 21 ಇಂಚು ಉದ್ದ.

ಈಗ ಫೈಲ್ ಇದಕ್ಕೆ ಸಾಕೇ ನೋಡಿ. ಉದ್ದ ಬದಿಯ ಪಿಕ್ಸೆಲ್ ಸಂಖ್ಯೆಯನ್ನು ಇಂಚಿನಿಂದ ಭಾಗಿಸಿ. 4000 ಪಿಕ್ಸೆಲ್ ಇದ್ದರೆ 4000 ÷ 21, ಸುಮಾರು 190. ಗೋಡೆಯ ಮೇಲಿನ ಚಿತ್ರಕ್ಕೆ 200ರ ಆಸುಪಾಸು ಚೆನ್ನಾಗಿಯೇ ಕಾಣುತ್ತದೆ. 300 ಇದ್ದರೆ ಹತ್ತಿರ ಹೋಗಿ ನೋಡಿದರೂ ತೊಂದರೆಯಿಲ್ಲ. 150ಕ್ಕಿಂತ ಕೆಳಗೆ ಬಂದರೆ ಪ್ರಿಂಟ್ ಚಿಕ್ಕದು ಮಾಡಿ. ಎಐ ಬಳಸಿ ಫೈಲ್ ದೊಡ್ಡದು ಮಾಡುವ ಆಪ್‌ಗಳಿವೆ, ಅವುಗಳ ತಂಟೆಗೆ ಹೋಗಬೇಡಿ. ಹೋಮರ್ ಎಳೆಯದ ಕುಂಚದ ಗೆರೆಗಳನ್ನು ಅವು ತಾವೇ ಸೇರಿಸುತ್ತವೆ.

ಮನೆಯಲ್ಲೇ ಒಳ್ಳೆಯ ಎ3 ಪ್ಲಸ್ ಪ್ರಿಂಟರ್ ಇರುವವರಿಗೆ 'ಬ್ರೀಜಿಂಗ್ ಅಪ್' ಸುಲಭದ ಆಯ್ಕೆ. 61.5 × 97 ಸೆಂಟಿಮೀಟರ್‌ನ ಚಿತ್ರ ಅದು. 13×19 ಇಂಚಿನ ಹಾಳೆಯ ಮೇಲೆ 18 ಇಂಚು ಉದ್ದ, 11.4 ಇಂಚು ಎತ್ತರದಲ್ಲಿ, ಸುತ್ತ ಬಿಳಿ ಬಿಟ್ಟು ಪೂರ್ತಿ ಕೂರುತ್ತದೆ.

4. ಬಣ್ಣ ಮತ್ತು ಪರೀಕ್ಷಾ ಪ್ರಿಂಟ್

"ಫೋನಲ್ಲಿ ಚೆನ್ನಾಗಿತ್ತು, ಪ್ರಿಂಟ್ ಕಪ್ಪಾಗಿದೆ." ಕಾರಣ ಸರಳ. ಫೋನ್ ತಾನೇ ಬೆಳಕು ಕೊಡುತ್ತದೆ, ಕಾಗದ ಕೊಡುವುದಿಲ್ಲ. ಹೋಮರ್‌ನ ಸಮುದ್ರದಲ್ಲಿ ಕಡುನೀಲಿ, ಕಡುಹಸಿರು, ಕಂದು ಒಂದರ ಪಕ್ಕ ಒಂದು ಇವೆ. ಪ್ರಿಂಟ್ ಸ್ವಲ್ಪ ಗಾಢವಾದರೂ ಎಲ್ಲ ಕಲಸಿ ಮಸಿಯಾಗುತ್ತದೆ.

ಲ್ಯಾಪ್‌ಟಾಪ್ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ. ಈಗ ಶಾರ್ಕ್‌ಗಳ ಸುತ್ತಲಿನ ನೆರಳು ನೋಡಿ. ಅಲೆಯ ಒಳಗಿನ ಗೆರೆ ಕಾಣದಿದ್ದರೆ ಫೈಲನ್ನು ಒಂಚೂರು ತಿಳಿ ಮಾಡಿ. ಮೂಲ ಫೈಲ್ ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಅದರಲ್ಲಿ ಬದಲಿಸಿ. ಬಣ್ಣದ ಪ್ರೊಫೈಲ್ ಕೇಳಿದರೆ ಎಸ್‌ಆರ್‌ಜಿಬಿ ಇಟ್ಟುಕೊಳ್ಳಿ, ಬಹುತೇಕ ಅಂಗಡಿಗಳಿಗೆ ಅದೇ ಸರಿ.

ಅಂಗಡಿಯಲ್ಲಿ ಎರಡು ಮಾತು ಹೇಳಿ. "ಆಟೋ ಕರೆಕ್ಷನ್ ಆಫ್ ಮಾಡಿ" ಎನ್ನುವುದು ಒಂದು. ಇಲ್ಲದಿದ್ದರೆ ಯಂತ್ರ ಇದನ್ನು ಮದುವೆ ಫೋಟೋ ಅಂತ ತಿಳಿದು ಬಣ್ಣ ಏರಿಸಿಬಿಡುತ್ತದೆ. "ಮೊದಲು ಒಂದು ತುಂಡು ಪ್ರಿಂಟ್ ಕೊಡಿ" ಎನ್ನುವುದು ಇನ್ನೊಂದು. ಚಿತ್ರದ ಅತಿ ಕಪ್ಪು ಮತ್ತು ಅತಿ ಬಿಳಿ ಜಾಗ ಎರಡೂ ಬರುವಂತೆ ಒಂದು ಪಟ್ಟಿಯನ್ನು, ಕೊನೆಗೆ ಬಳಸುವ ಕಾಗದದ ಮೇಲೆಯೇ ತೆಗೆಸಿ. ಅದನ್ನು ಮನೆಗೆ ತಂದು ನಿಮ್ಮ ಗೋಡೆಯ ಮೇಲೆ, ನಿಮ್ಮ ಮನೆಯ ದೀಪದಲ್ಲಿ ನೋಡಿ. ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ. ಈ ಹಂತ ಬಿಟ್ಟವರು ಪೂರ್ತಿ ಪ್ರಿಂಟನ್ನು ಎರಡು ಸಲ ಹಾಕಿಸುತ್ತಾರೆ.

5. ಕಾಗದ, ಇಂಕ್

ಹೊಳಪಿಲ್ಲದ, ದಪ್ಪ ಮ್ಯಾಟ್ ಕಾಗದ, 230ರಿಂದ 310 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ತೂಕ). ಹತ್ತಿಯ ಕಾಗದ ಸಿಕ್ಕಿದರೆ ಇನ್ನೂ ಒಳ್ಳೆಯದು. ಹೋಮರ್‌ನ ಜಲವರ್ಣಗಳಿಗೆ ಅದನ್ನು ಬಿಟ್ಟು ಬೇರೆ ಕೇಳಲೇಬೇಡಿ. ಗ್ಲಾಸಿ ಕಾಗದದ ಮೇಲೆ ಮತ್ತೆ ಗಾಜು ಬಂದರೆ ಚಿತ್ರಕ್ಕಿಂತ ನಿಮ್ಮ ಮುಖವೇ ಜಾಸ್ತಿ ಕಾಣುತ್ತದೆ.

ಇಂಕ್ ಪಿಗ್ಮೆಂಟ್ ಆಗಿರಲಿ. ಡೈ ಇಂಕ್ ಅಗ್ಗ, ಆದರೆ ಬೆಳಕಿಗೆ ಬೇಗ ಮಂಕಾಗುತ್ತದೆ. 'ಜಿಕ್ಲೀ' ಅಂತ ದೊಡ್ಡ ಹೆಸರಿಟ್ಟು ದುಡ್ಡು ಕೇಳಿದರೆ ಹೆದರಬೇಡಿ, ಅದು ಇಂಕ್‌ಜೆಟ್ ಪ್ರಿಂಟೇ. ಇಂಕ್ ಯಾವುದು, ಕಾಗದ ಯಾವುದು ಅಂತ ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಮಾಡಿ ಮೇಲೆ ಪಾರದರ್ಶಕ ಜೆಲ್‌ನಿಂದ ಕುಂಚದ ಗುರುತು ಎಳೆದು ಕೊಡುವವರಿದ್ದಾರೆ. ನನಗಂತೂ ಅದು ನಕಲಿ ಮೇಲೆ ಇನ್ನೊಂದು ನಕಲಿ ಅನಿಸುತ್ತದೆ.

ಚಿತ್ರದ ಸುತ್ತ ಒಂದೊಂದು ಇಂಚು ಬಿಳಿ ಅಂಚು ಬಿಡಿಸಿ. ನಮ್ಮ 21×12 ಚಿತ್ರಕ್ಕೆ ಕಾಗದ 23×14. ಈ ಅಂಚನ್ನು ಅಂಗಡಿಯವರು ಚೆಂದಕ್ಕೆ ಅಂತ ಕತ್ತರಿಸಿ ಕೊಟ್ಟಾರು, ಮೊದಲೇ ಹೇಳಿಡಿ. ಮುಂದೆ ಕಾಗದ ಹಿಡಿಯುವುದು, ಟೇಪ್ ಹಚ್ಚುವುದು ಎಲ್ಲ ಈ ಅಂಚಿನಲ್ಲೇ. ಪ್ರಿಂಟ್ ತಂದ ಮೇಲೆ ಒಂದು ದಿನ ಧೂಳಿಲ್ಲದ ಕಡೆ ಮಟ್ಟಸವಾಗಿ ಬಿಡಿ, ಇಂಕ್ ಪೂರ್ತಿ ಆರಲಿ. ಆರದೆ ಗಾಜು ಹಾಕಿದರೆ ಒಳಗೆ ಮಂಜು ಹಿಡಿಯುತ್ತದೆ.

6. ಮೌಂಟ್

ಮೌಂಟ್ ಅಲಂಕಾರ ಮಾತ್ರ ಅಂತ ತಿಳಿದು ಬಿಟ್ಟವರು ಬಹಳ. ಅದರ ನಿಜವಾದ ಕೆಲಸ ಪ್ರಿಂಟನ್ನು ಗಾಜಿನಿಂದ ದೂರ ಇಡುವುದು. ಗಾಜಿಗೆ ತಾಗಿದ ಕಾಗದ ಸೆಕೆಗೆ, ತೇವಕ್ಕೆ ಅದಕ್ಕೇ ಅಂಟಿಕೊಳ್ಳುತ್ತದೆ.

ಕಿಟಕಿಯನ್ನು ಚಿತ್ರಕ್ಕಿಂತ ಪ್ರತಿ ಬದಿಗೂ ಒಂದು ನೂಲು, ಅಂದರೆ ಸುಮಾರು 3 ಮಿಲಿಮೀಟರ್ ಒಳಗೆ ಕತ್ತರಿಸಬೇಕು. ನಮ್ಮ ಚಿತ್ರಕ್ಕೆ ಕಿಟಕಿ 20.75 × 11.75 ಇಂಚು. ಮೇಲೆ ಮತ್ತು ಎರಡು ಬದಿಗೆ 3 ಇಂಚು ಮೌಂಟ್, ಕೆಳಗೆ ಮೂರೂವರೆ. ಕೆಳಗೆ ಅರ್ಧ ಇಂಚು ಹೆಚ್ಚು ಇಡದಿದ್ದರೆ ಚಿತ್ರ ಜಾರಿದಂತೆ ಕಾಣುತ್ತದೆ. ಒಟ್ಟು ಹೊರ ಅಳತೆ 26.75 × 18.25 ಇಂಚು. ಇದನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಬಣ್ಣ ತಿಳಿಕೆನೆ ಅಥವಾ ಆಫ್ ವೈಟ್. ಚಿತ್ರದ ನೀಲಿಗೆ ಹೊಂದಲಿ ಅಂತ ನೀಲಿ ಮೌಂಟ್ ಹಾಕಿಸಬೇಡಿ, ಸಮುದ್ರದ ನೀಲಿ ಸತ್ತುಹೋಗುತ್ತದೆ. ಬೋರ್ಡ್ ಆಸಿಡ್ ಇಲ್ಲದ್ದೇ ಆಗಬೇಕು. ಸಾಮಾನ್ಯ ಬೋರ್ಡ್‌ನ ಓರೆಯಾಗಿ ಕತ್ತರಿಸಿದ ಅಂಚು ಕೆಲವು ವರ್ಷಗಳಲ್ಲಿ ಕಂದಾಗುತ್ತದೆ, ಆ ಕಂದು ಪಕ್ಕದ ಕಾಗದಕ್ಕೂ ಇಳಿಯುತ್ತದೆ.

7. ಪ್ರಿಂಟ್ ಕೂರಿಸುವುದು

ಇಲ್ಲಿ ಅಂಗಡಿಯವರ ಮೇಲೆ ಕಣ್ಣಿಡಬೇಕು. ನಾಲ್ಕೂ ಬದಿ ಟೇಪ್ ಎಳೆಯುವುದು, ಹಿಂದೆ ಫೆವಿಕಾಲ್ ಸವರಿ ಒತ್ತುವುದು, ಡಬಲ್ ಸೈಡ್ ಟೇಪ್ ಹಾಕುವುದು ಅವರಿಗೆ ಅಭ್ಯಾಸ. ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ನಾಲ್ಕು ಕಡೆ ಹಿಡಿದರೆ ಹಿಗ್ಗಲು ಜಾಗವಿಲ್ಲದೆ ನಡುವೆ ಎದ್ದು ನಿಲ್ಲುತ್ತದೆ. ಆ ಅಲೆಅಲೆಯ ಕಾರಣ ಇದೇ.

ಹಿಡಿಯಬೇಕಾದ್ದು ಮೇಲಿನ ಬದಿಯಲ್ಲಿ ಮಾತ್ರ, ಎರಡು ಕಡೆ:

ಹಿಂದಿನ ಬೋರ್ಡ್ ಮೇಲೆ ಪ್ರಿಂಟ್ ಇಟ್ಟು, ಮೇಲೆ ಮೌಂಟ್ ಹೊದಿಸಿ, ಕಿಟಕಿಯಲ್ಲಿ ಚಿತ್ರ ನೇರ ಬರುವವರೆಗೆ ಸರಿಸಿ. ಈ ಚಿತ್ರದಲ್ಲಿ ದೋಣಿ ಓರೆ, ಅಲೆ ಓರೆ. ಅವನ್ನು ನೋಡಿ ನೇರ ಮಾಡಲು ಹೋದರೆ ಕೆಡುತ್ತದೆ. ಚಿತ್ರದ ಅಂಚನ್ನೇ ನೋಡಿ. ಸರಿಯಾದ ಮೇಲೆ ಪ್ರಿಂಟ್ ಅಲುಗದಂತೆ ಸ್ವಚ್ಛ ಬಟ್ಟೆ ಹಾಸಿ ಒಂದು ಭಾರ ಇಡಿ, ಮೌಂಟ್ ಎತ್ತಿ.

ಟೇಪ್‌ನ ಚಿಕ್ಕ ತುಂಡನ್ನು ಅಂಟು ಮೇಲೆ ಬರುವಂತೆ ಪ್ರಿಂಟ್‌ನ ಮೇಲಂಚಿನ ಹಿಂದಕ್ಕೆ ಅರ್ಧ ತೂರಿಸಿ ಒತ್ತಿ. ಉಳಿದರ್ಧ ಬೋರ್ಡ್ ಮೇಲೆ ಚಾಚಿರುತ್ತದೆ. ಅದರ ಮೇಲೆ ಇನ್ನೊಂದು ತುಂಡನ್ನು ಅಡ್ಡ ಅಂಟಿಸಿ ಬೋರ್ಡ್‌ಗೆ ಹಿಡಿಸಿ. ಇನ್ನೊಂದು ತುದಿಯಲ್ಲೂ ಹೀಗೇ. ಬದಿಗಳು, ಕೆಳಗು ಎಲ್ಲ ಸ್ವತಂತ್ರ. ಟೇಪ್ ಕಾಗದಕ್ಕಿಂತ ತೆಳುವಾಗಿರಲಿ. ಫ್ರೇಮ್ ಕೈತಪ್ಪಿ ಬಿದ್ದರೆ ಟೇಪ್ ಹರಿಯಬೇಕು, ಪ್ರಿಂಟ್ ಅಲ್ಲ.

ಒಂದು ಎಚ್ಚರಿಕೆ. ಅಮೆರಿಕದಲ್ಲಿರುವ ಕೆಲವರಿಗೆ ಹಳೆಯ ಅಂಗಡಿಗಳಲ್ಲಿ 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಯ ಹಾಳೆಗಳು ಸಿಗುತ್ತವೆ. ಹೋಮರ್ ಆ ಪತ್ರಿಕೆಗೆ ಬರೆದ ಚಿತ್ರಗಳು ಮರದ ಅಚ್ಚಿನಲ್ಲಿ ಮುದ್ರಣವಾದವು. ಅವು ಹೊಸ ಪ್ರಿಂಟ್ ಅಲ್ಲ, 19ನೇ ಶತಮಾನದ ಕಾಗದ. ಅವಕ್ಕೆ ಈ ಟೇಪ್ ಹಚ್ಚಬೇಡಿ. ಕಾಗದ ಸಂರಕ್ಷಣೆ ಬಲ್ಲವರ ಕೈಗೇ ಕೊಡಿ.

8. ಫ್ರೇಮ್ ಮತ್ತು ಗಾಜು

ಈಗ ಚೀಟಿ ಹಿಡಿದು ಫ್ರೇಮ್ ಅಂಗಡಿಗೆ ಹೋಗಿ. ಗಾಜು ಕೂರುವ ಒಳ ಅಳತೆ ಮೌಂಟ್‌ಗಿಂತ ಒಂದು ನೂಲು ಜಾಸ್ತಿ ಇರಲಿ. ಬಿಗಿಯಾಗಿ ಕೂತ ಬೋರ್ಡ್ ಮಳೆಗಾಲದಲ್ಲಿ ಬಾಗುತ್ತದೆ. ಗಾಜು, ಮೌಂಟ್, ಬೋರ್ಡ್, ಹಿಂದಿನ ಹಲಗೆ ಎಲ್ಲ ಸೇರಿದ ದಪ್ಪಕ್ಕೆ ಫ್ರೇಮ್‌ನ ಹಿಂಬದಿಯ ತೋಡು ಸಾಕೇ ಅಂತಲೂ ನೋಡಿ.

ಮರ ಸರಳವಾಗಿರಲಿ, ಮುಕ್ಕಾಲು ಇಂಚು ಅಗಲ ಸಾಕು. ನಾಲ್ಕು ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ವಾಪಸ್ ಕೊಡಿ.

2 ಮಿಲಿಮೀಟರ್ ಸಾದಾ ಗಾಜು ಈ ಅಳತೆಗೆ ಸಾಕು. ಬೆಳಕು ಜಾಸ್ತಿ ಇರುವ ಕೋಣೆಯಾದರೆ ಯುವಿ ತಡೆಯುವ ಗಾಜೋ ಅಕ್ರಿಲಿಕ್ಕೋ ಕೇಳಿ. 'ನಾನ್ ರಿಫ್ಲೆಕ್ಟಿವ್' ಅಂತ ಕೊಡುವ ಮಬ್ಬು ಗಾಜು ಬೇಡ. ಕಾಗದಕ್ಕೆ ತಾಗಿದ್ದಾಗ ಅದು ಸ್ಪಷ್ಟ, ನಡುವೆ ಮೌಂಟ್ ಬಂದು ಕಾಗದದಿಂದ ದೂರ ಸರಿದ ಕೂಡಲೇ ಚಿತ್ರ ಮಸುಕು. ದೂರದ ಆ ಹಡಗು ಕಾಣುವುದೇ ಇಲ್ಲ.

9. ಮುಚ್ಚುವುದು

ಫ್ಯಾನ್ ಆರಿಸಿ. ಗಾಜಿನ ಎರಡೂ ಬದಿ ಒರೆಸಿ, ಪೂರ್ತಿ ಒಣಗಲಿ. ಪ್ರಿಂಟ್ ಮೇಲೆ ಬ್ರಷ್ ಆಡಿಸಿ, ಗಾಜು ಇಟ್ಟು, ಮೊಳೆ ಹೊಡೆಯುವ ಮೊದಲು ತಿರುಗಿಸಿ ನೋಡಿ. ಒಂದು ಕೂದಲು, ಒಂದು ಧೂಳಿನ ಕಣ ಹೇಗೂ ಇರುತ್ತದೆ. ತೆಗೆದು ಮತ್ತೆ ನೋಡಿ. ಮೊಳೆ ಹೊಡೆದ ಮೇಲೆ ಕಂಡರೆ ಅದು ಕಣ್ಣಿಗೆ ಚುಚ್ಚುತ್ತಲೇ ಇರುತ್ತದೆ.

ಹಿಂದೆ ಹಾರ್ಡ್‌ಬೋರ್ಡ್ ಹಾಕುವುದಾದರೆ ಅದಕ್ಕೂ ಪ್ರಿಂಟ್‌ಗೂ ನಡುವೆ ಆಸಿಡ್ ಇಲ್ಲದ ಬೋರ್ಡ್ ಇರಲೇಬೇಕು. ಸುತ್ತ ಕಾಗದದ ಟೇಪ್ ಹಚ್ಚಿ ಸಂದಿ ಮುಚ್ಚಿ, ಹುಳ ನುಗ್ಗುವುದು ಅಲ್ಲಿಂದಲೇ. ಹಿಂಬದಿಗೆ ಒಂದು ಚೀಟಿಯಲ್ಲಿ ಚಿತ್ರದ ಹೆಸರು, ವರ್ಷ, ಮ್ಯೂಸಿಯಂ, ಪ್ರಿಂಟ್ ಹಾಕಿಸಿದ ತಿಂಗಳು, ಕಾಗದ, ಇಂಕ್ ಬರೆದು ಅಂಟಿಸಿ. ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಹಚ್ಚಿ, ಗೋಡೆಗೂ ಫ್ರೇಮ್‌ಗೂ ನಡುವೆ ಗಾಳಿ ಆಡಲಿ.

10. ತೂಗುಹಾಕುವುದು

ಹಳೆಯ ಮನೆಗಳಲ್ಲಿ ಅಜ್ಜ ಅಜ್ಜಿಯ ಫೋಟೋ ಬಾಗಿಲ ಮೇಲೆ, ಮುಂದಕ್ಕೆ ಬಾಗಿಸಿ ಹಾಕುತ್ತಿದ್ದರು. ಆ ಅಭ್ಯಾಸದಿಂದಲೋ ಏನೋ ನಾವು ಎಲ್ಲವನ್ನೂ ಮೇಲೆ ಹಾಕುತ್ತೇವೆ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ. ಸೋಫಾ ಮೇಲಾದರೆ ಅದರ ಬೆನ್ನಿನಿಂದ 6ರಿಂದ 8 ಇಂಚು ಮೇಲೆ.

ಮೊಳೆಯ ಜಾಗಕ್ಕೆ ಲೆಕ್ಕ: ನಮ್ಮ ಫ್ರೇಮ್‌ನ ಹೊರ ಎತ್ತರ ಸುಮಾರು 19.25 ಇಂಚು, ಅರ್ಧ 9.6. ತಂತಿಯನ್ನು ನಡುವೆ ಎಳೆದು ಹಿಡಿದಾಗ ಅದು ಮೇಲಂಚಿನಿಂದ 3 ಇಂಚು ಕೆಳಗಿದೆ ಎನ್ನಿ. 58 + 9.6 − 3 = 64.6. ನೆಲದಿಂದ ಅಷ್ಟು ಎತ್ತರಕ್ಕೆ ತೂತು. ಕೊಂಡಿಗಳನ್ನು ಫ್ರೇಮ್‌ನ ಮೇಲಿನಿಂದ ಮೂರನೇ ಒಂದು ಭಾಗದಲ್ಲಿ, ಎರಡೂ ಬದಿ ಒಂದೇ ಮಟ್ಟಕ್ಕೆ ಹಾಕಿ.

ಗಾಜೇ ಒಂದೂವರೆ ಕೆಜಿ ಮೀರುತ್ತದೆ. ಮರ, ಬೋರ್ಡ್ ಸೇರಿ 3 ಕೆಜಿ ಹತ್ತಿರ. ಇಟ್ಟಿಗೆ ಗೋಡೆಗೆ ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ಬಿಗಿಯಿರಿ, ಸುಮ್ನೆ ಗಾರೆಗೆ ಮೊಳೆ ಹೊಡೆಯಬೇಡಿ. ಅಮೆರಿಕದ ಮನೆಗಳ ಜಿಪ್ಸಂ ಗೋಡೆಯಲ್ಲಾದರೆ ಒಳಗಿನ ಮರದ ಕಂಬ ಹುಡುಕಿ ಅದಕ್ಕೆ ಸ್ಕ್ರೂ ಹಾಕಿ. ಕಂಬ ಸಿಗದ ಕಡೆ ತೂಕ ನೋಡಿ ಆ್ಯಂಕರ್ ಕೊಳ್ಳಿ.

ಒರೆಸುವಾಗ ಗಾಜಿನ ಮೇಲೆ ದ್ರವ ಚಿಮುಕಿಸಬೇಡಿ. ಕೆಳಗೆ ಇಳಿದು ಫ್ರೇಮ್‌ನೊಳಗೆ ಹೋಗಿ ಮೌಂಟ್ ಹೀರಿಕೊಳ್ಳುತ್ತದೆ. ಬಟ್ಟೆಗೆ ಹಾಕಿ ಒರೆಸಿ. ಅಕ್ರಿಲಿಕ್ ಆದರೆ ಅಮೋನಿಯಾ ಇರುವ ದ್ರವ ಮುಟ್ಟಿಸಲೇಬೇಡಿ, ಮಂಕಾಗುತ್ತದೆ.

ಎಚ್ಚರಿಕೆಯ ಗುರುತುಗಳು

ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ ನೋಡಿ.

ಗಾಜಿನ ಒಳಗೆ ಮಂಜು ಕಂಡರೆ ಬಿಚ್ಚಿ ಒಣಗಿಸಿ, ಗೋಡೆ ಬದಲಿಸಿ. ಮೌಂಟ್‌ನ ಓರೆ ಅಂಚು ಹಳದಿಯಾದರೆ ಬೋರ್ಡ್ ಕಳಪೆ, ಪ್ರಿಂಟ್‌ಗೆ ಇಳಿಯುವ ಮೊದಲೇ ಬದಲಿಸಿ. ಫ್ರೇಮ್ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮರಕ್ಕೆ ಹುಳ ಬಿದ್ದಿದೆ, ಆವತ್ತೇ ಮನೆಯ ಹೊರಗೆ ಒಯ್ಯಿರಿ. ಬಿಳಿ ಅಥವಾ ಕಂದು ಚುಕ್ಕೆಗಳು ಬೂಷ್ಟಿನ ಗುರುತು. ಮಾಸ್ಕ್ ಹಾಕಿಕೊಂಡು ಬಯಲಲ್ಲಿ ಬಿಚ್ಚಿ, ಮೌಂಟ್ ಎಸೆಯಿರಿ.

ಪ್ರಿಂಟ್ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಇಂಕ್ ಗಾಜಿನಲ್ಲೇ ಉಳಿಯುತ್ತದೆ. ಅದನ್ನು ಉಳಿಸಲು ಹೆಣಗುವ ಅಗತ್ಯವೂ ಇಲ್ಲ. ಫೈಲ್ ಮ್ಯೂಸಿಯಂನಲ್ಲಿದೆ, ಕಾಗದ ಇಂಕ್‌ನ ವಿವರ ಹಿಂಬದಿಯ ಚೀಟಿಯಲ್ಲಿದೆ. ಹೊಸ ಪ್ರಿಂಟ್ ಹಾಕಿಸಿ, ಗಾಜನ್ನೂ ಹೊಸದು ಕೇಳಿ, ಮತ್ತೆ 6ನೇ ಹಂತಕ್ಕೆ ಬನ್ನಿ.